ಮೇಸ್ತ್ರಿಯ ಮುಂಗಡ: ಕೋಲಾರದ ಚಿನ್ನದ ಗಣಿಗಳಿಗೆ ಹೊರನಾಡ ದುಡಿಮೆಗಾರರನ್ನು ತಂದ ಬಗೆ

ಪೂರ್ವಾನುಭವವಾಗಲಿ ಹೆಚ್ಚಿನ ಓದಾಗಲಿ ಬೇಡದ ಕಾರ್ಖಾನೆ ಕೆಲಸಗಳಿಗೆ ಹೊರದೇಶದವರನ್ನು ಮಾಲೀಕನೇ ಹೊಣೆಹೊತ್ತು ಕರೆಸಿಕೊಳ್ಳುವ ಪದ್ಧತಿಯನ್ನು ಇಂದು ಪ್ರಾಯೋಜಕತ್ವ ಎನ್ನಲಾಗುತ್ತದೆ. ಅಮೆರಿಕದ ಇಬಿ-3 ವೀಸಾದಲ್ಲಿ ಕೌಶಲರಹಿತರಿಗಾಗಿ ಇರುವ ವರ್ಗಕ್ಕೆ ವರ್ಷಕ್ಕೆ ಸುಮಾರು 10,000ದ ಮಿತಿಯಿದ್ದು, ಆ ಪ್ರದೇಶದಲ್ಲಿ ರೂಢಿಯಲ್ಲಿರುವ ಕೂಲಿಗೆ ಸ್ಥಳೀಯರು ಸಿಗುತ್ತಿಲ್ಲವೆಂದು ಮಾಲೀಕನು ಮೊದಲು ತೋರಿಸಿಕೊಡಬೇಕಾಗುತ್ತದೆ. ಆಳುಗಳ ಕೊರತೆಯನ್ನು ಕೂಲಿಯ ದರದಿಂದ ಬೇರ್ಪಡಿಸಿ ನೋಡಲಾಗದು ಎಂಬ ತಿಳಿವು ಈ ಷರತ್ತಿನ ಹಿಂದಿದೆ. ಕೋಲಾರದ ಚಿನ್ನದ ಗಣಿಗಳು ಬೆಳೆದ ಕಾಲದಲ್ಲಿ ಈ ಪ್ರಶ್ನೆಯನ್ನು ಕಂಪನಿಗಳ ಮುಂದಿಡುವ ಕಾನೂನು ಇರಲಿಲ್ಲ. ಅಲ್ಲಿ ನೇಮಕಾತಿಯ ಹೊಣೆ ಬಹುಮಟ್ಟಿಗೆ ಮೇಸ್ತ್ರಿಗಳ ಮತ್ತು ಗುತ್ತಿಗೆದಾರರ ಕೈಗೆ ಹೋಯಿತು.

ಲ್ಯಾವೆಲ್ ಎಂಬ ಮಾಜಿ ಸೈನಿಕನು 1870ರ ದಶಕದಲ್ಲಿ ಪಡೆದ ಗಣಿ ಪರವಾನಗಿ ಹಲವು ಕೈ ಬದಲಾಯಿಸಿ, 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಪ್ರವೇಶದೊಂದಿಗೆ ಉದ್ಯಮದ ರೂಪ ತಾಳಿತು. ಮರುವರ್ಷವೇ ಮೈಸೂರು ಒಡೆಯರ ಆಳ್ವಿಕೆಗೆ ಮರಳಿದ್ದರಿಂದ, ಗಣಿಗಳಿಗೆ ತಾಗಿಕೊಂಡೇ ಇದ್ದ ಮದ್ರಾಸ್ ಪ್ರಾಂತದ ಉತ್ತರ ಆರ್ಕಾಟ್ ಜಿಲ್ಲೆಯಿಂದ ಬಂದವರು ಕಾನೂನಿನ ಕಣ್ಣಲ್ಲಿ ಬೇರೊಂದು ಆಡಳಿತದ ಪ್ರಜೆಗಳಾದರು. ಆಗ ಸಂಸ್ಥಾನವು 1876–78ರ ಬರದಿಂದ ಇನ್ನೂ ಚೇತರಿಸಿಕೊಂಡಿರಲಿಲ್ಲ: 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷದೊಳಕ್ಕೆ ಇಳಿದಿತ್ತು. ಉಳಿದುಕೊಂಡ ರೈತರಿಗೆ ಕೆರೆ ಅಚ್ಚುಕಟ್ಟಿನ ಹೊಲಗದ್ದೆಗಳಿದ್ದವು. ಬಿತ್ತನೆ–ಕಟಾವಿನ ಕಾಲಕ್ಕೆ ಊರಿಗೆ ಮರಳಬೇಕಾದವರು ವರ್ಷವಿಡೀ ಪಾಳಿಯಲ್ಲಿ ನಡೆಯುವ ಗಣಿಗೆ ಹೊಂದುವವರಲ್ಲ. ಉತ್ತರ ಆರ್ಕಾಟಿನ ತಮಿಳು ಆದಿದ್ರಾವಿಡರಿಗಾದರೋ ಜಮೀನು ಇರಲಿಲ್ಲ, ಇದ್ದದ್ದು ಜಮೀನುದಾರನ ಜೀತ. ರೈಲು ಈ ಎರಡು ಸ್ಥಿತಿಗಳನ್ನು ಒಂದಕ್ಕೊಂದು ಜೋಡಿಸಿತು. ಜೋಲಾರಪೇಟೆಯಿಂದ ಬೆಂಗಳೂರಿಗೆ 1864ರಲ್ಲೇ ಹಾಕಿದ್ದ ಹಳಿಯಿಂದ, ಅಂದು ಬೌರಿಂಗ್‌ಪೇಟೆ ಎನಿಸಿದ್ದ ಬಂಗಾರಪೇಟೆಯಲ್ಲಿ ಕವಲೊಡೆದ ಮಾರ್ಗವು 1894ರಲ್ಲಿ ಊರಿಗಾಂ ದಾಟಿ ಮಾರಿಕುಪ್ಪಂ ತಲುಪಿತು.

ಹೊರಗಿನಿಂದ ಕರೆತಂದವರೆಲ್ಲರನ್ನೂ ಕಂಪನಿ ಒಂದೇ ಬಗೆಯಲ್ಲಿ ಕರೆತರಲಿಲ್ಲ ಎಂಬುದೇ ಇಲ್ಲಿನ ಮುಖ್ಯ ವಿಷಯ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ತಾಮ್ರ–ತವರದ ಗಣಿಗಳು ಸೊರಗಿದಾಗ ದೇಶಾಂತರ ಹೊರಟ ನುರಿತ ಗಣಿಗಾರರು ಲಿಖಿತ ಕರಾರಿನ ಮೇಲೆ ಬಂದರು. ಅವರ ಸಂಬಳ, ಅವಧಿ, ವಸತಿಗಳಿಗೆ ಕಂಪನಿಯೇ ನೇರವಾಗಿ ಬಾಧ್ಯವಾಗಿತ್ತು. ಇಟಲಿಯವರೂ ಬಂದರು, ಆದರೆ ಅವರಿಗೆ ಕಾರ್ನ್‌ವಾಲಿನವರ ಅಂತಸ್ತು ದಕ್ಕಲಿಲ್ಲ. ಒಡೆದ ಕಲ್ಲನ್ನು ತುಂಬುವ, ತಳ್ಳುಬಂಡಿಯನ್ನು ಶಾಫ್ಟಿನ ಬಾಯಿಯವರೆಗೆ ನೂಕುವ ಕೆಳಹಂತದ ಕೆಲಸಕ್ಕೆ ಬೇಕಾದ ಸಾವಿರಾರು ಜನರೊಂದಿಗೆ ಮಾತ್ರ ಕಂಪನಿ ಬಹುಪಾಲು ನೇರ ಒಪ್ಪಂದಕ್ಕೆ ಇಳಿಯಲಿಲ್ಲ. ಅವರನ್ನು ತರುವವನು ಮೇಸ್ತ್ರಿ, ದುಡಿಸುವವನು ಗುತ್ತಿಗೆದಾರ.

ಮುಂಗಡದ ನಡೆ ಹೀಗಿತ್ತು. ಮೇಸ್ತ್ರಿಯು ಹಳ್ಳಿಗೆ ಹೋಗಿ, ಹಲವು ವೇಳೆ ತನ್ನ ನೆಂಟರಿಷ್ಟರ ನಡುವೆಯೇ, ಹಣ ಕೊಟ್ಟು ಆಳುಗಳನ್ನು ಒಪ್ಪಿಸುತ್ತಿದ್ದನು. ಹಳೆಯ ಸಾಲ ತೀರಿಸಿ ಊರು ಬಿಡುವುದಕ್ಕೆ ಆ ಹಣವೇ ದಾರಿ. ಗಣಿಗೆ ಬಂದಮೇಲೆ ಅದು ಕೂಲಿಯಲ್ಲಿ ಮುರಿದುಕೊಳ್ಳಬೇಕಾದ ಬಾಕಿಯಾಗುತ್ತಿತ್ತು. ಹೀಗೆ ಕರೆತರುವ ಖರ್ಚು ಸುತ್ತಿಬಳಸಿ ಬಂದವನ ತಲೆಯ ಮೇಲೆಯೇ ಬೀಳುತ್ತಿತ್ತು. ಸಿಲೋನಿನ ಚಹಾ ತೋಟಗಳ ಕಂಗಾಣಿ ಪದ್ಧತಿಗೂ ಇದಕ್ಕೂ ಹತ್ತಿರದ ಹೋಲಿಕೆಯಿದೆ. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಅಪರಾಧಿಯೆಂದೆಣಿಸಿದ 1859ರ ಕರಾರುಭಂಗ ಕಾಯಿದೆ ಬ್ರಿಟಿಷ್ ಇಂಡಿಯಾದಲ್ಲಿ ಇಂಥ ವ್ಯವಹಾರಗಳಿಗೆಲ್ಲ ಬೆನ್ನೆಲುಬಾಗಿತ್ತು. ಆದರೂ ಜೀತಕ್ಕಿಂತ ಈ ಬಾಕಿಯೇ ಮೇಲೆಂದು ಬಂದವರು ತಿಳಿದಿದ್ದರೆ ಅದನ್ನು ಅವರ ಅಜ್ಞಾನವೆನ್ನಲಾಗದು. ಬಾಕಿ ಎಂದಾದರೂ ತೀರುವಂಥದ್ದು, ಗಣಿಯ ಕೂಲಿ ನಗದಾಗಿ ಕೈಗೆ ಬರುವಂಥದ್ದು.

ಬಿದಿರ ತಟ್ಟಿಯ ಗುಡಿಸಲುಗಳ ಸಾಲುಗಳಲ್ಲಿ, ಎಂದರೆ ಕಂಪನಿಯ ‘ಲೈನ್’ಗಳಲ್ಲಿ, ಕುಟುಂಬಗಳು ನೆಲೆಸುತ್ತ ಬಂದಂತೆ ಮೇಸ್ತ್ರಿಯ ಹಿಡಿತ ಸಡಿಲಾಯಿತು. ಪಂಡಿತ ಅಯೋತಿದಾಸರು ಮದ್ರಾಸಿನಲ್ಲಿ ಕಟ್ಟಿದ ಶಾಕ್ಯ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿ ಬೇರೂರಿತು. ಅವರು ಆರಂಭಿಸಿದ್ದ ‘ತಮಿಳನ್’ ಪತ್ರಿಕೆ ಅವರ ಮರಣಾನಂತರ, 1920ರ ದಶಕದಲ್ಲಿ, ಈ ಗಣಿಪ್ರದೇಶದಿಂದಲೇ ಮತ್ತೆ ಹೊರಬಂದಿತು. ಬರಿಯ ತೋಳ್ಬಲಕ್ಕೆಂದು ತಂದ ಜನ ಒಂದೆರಡು ತಲೆಮಾರಿನಲ್ಲೇ ಪತ್ರಿಕೆ ನಡೆಸುವಷ್ಟಾದುದನ್ನು ನೇಮಕಾತಿಯ ಲೆಕ್ಕಪುಸ್ತಕಗಳಷ್ಟನ್ನೇ ನೋಡುವ ಇತಿಹಾಸ ಕಾಣಲಾರದು.

ಕಂಪನಿಗಳು ಕಾರ್ಮಿಕರನ್ನು ನೇರವಾಗಿ ಗುರುತಿಸಲು ಹೊರಟಾಗ ನಡೆದದ್ದು ಇನ್ನೂ ಕುತೂಹಲಕರ. ಒಂದು ಗಣಿಯಲ್ಲಿ ವಜಾಗೊಂಡವನು ಹೆಸರು ಬದಲಿಸಿ ಪಕ್ಕದ ಗಣಿ ಸೇರುವುದನ್ನು ತಡೆಯಬಲ್ಲ ಬೆರಳಚ್ಚಿನ ನೋಂದಣಿಯನ್ನು 1930ರಲ್ಲಿ ಜಾರಿಗೆ ತರಹೊರಟಾಗ ಸಾವಿರಾರು ಜನ ಕೆಲಸ ನಿಲ್ಲಿಸಿದರು; ವಾರಗಳ ಮುಷ್ಕರದ ನಂತರ ಕಂಪನಿಗಳು ಹಿಂದೆ ಸರಿಯಬೇಕಾಯಿತು. ಬೆರಳಚ್ಚು ಎಂದರೆ ಪೊಲೀಸು, ಕಳವು ಎಂಬ ಭಾವನೆ ಗಾಢವಾಗಿತ್ತು, ನಿಜ. ಆದರೆ ಹೆಸರು ಬದಲಿಸಿ ಕೆಲಸ ಹುಡುಕಿಕೊಳ್ಳುವ ಅವಕಾಶವೇ ಆ ಕಾರ್ಮಿಕನಿಗಿದ್ದ ಒಂದೇ ಚೌಕಾಸಿಯ ಬಲವಾಗಿತ್ತು ಎಂಬುದನ್ನೂ ಇದರೊಂದಿಗೆ ಸೇರಿಸಿ ಓದಬೇಕು. ಪ್ರಾಯೋಜಿತ ಕೆಲಸಗಾರನ ಪರವಾನಗಿ ಒಬ್ಬನೇ ಮಾಲೀಕನಿಗೆ ಕಟ್ಟಿಬಿದ್ದಿರುವ ಇಂದಿನ ದೇಶಗಳಲ್ಲೂ ತಕರಾರು ಏಳುವುದು ಇದೇ ಎಡೆಯಲ್ಲಿ.

1956ರ ರಾಷ್ಟ್ರೀಕರಣ, 1962ರಲ್ಲಿ ಕೇಂದ್ರಕ್ಕೆ ಹಸ್ತಾಂತರ, 2001ರ ಫೆಬ್ರವರಿ 28ರಂದು ಮುಚ್ಚುಗಡೆ. ಬಳಿಕ ಮಾರಿಕುಪ್ಪಂ, ಊರಿಗಾಂ, ಚಾಂಪಿಯನ್ ನಿಲ್ದಾಣಗಳಿಂದ ಕೂಲಿಗಾಗಿ ನಸುಕಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರುವುದು ಗಣಿಯ ಮಕ್ಕಳ ಪಾಲಿಗೆ ಬಂತು. ಅದೇ ಜಿಲ್ಲೆಯ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಆಪಲ್ ಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಘಟಕದಲ್ಲಿ 2020ರ ಡಿಸೆಂಬರ್ 12ರಂದು ನಡೆದ ಗಲಭೆಯ ಮೂಲದಲ್ಲಿದ್ದದ್ದು ಕೂಲಿಯ ತಕರಾರು. ಅಲ್ಲಿನವರಲ್ಲಿ ಬಹುಪಾಲು ಜನ ಏಜೆನ್ಸಿಗಳ ಮೂಲಕ ಸೇರಿದ ಗುತ್ತಿಗೆ ಕಾರ್ಮಿಕರು. ಅಕ್ಟೋಬರ್–ನವೆಂಬರ್ ತಿಂಗಳ ಸಂಬಳ ಕೆಲವರಿಗೆ ತಡವಾದುದನ್ನು ಆಪಲ್ ಕೂಡ ಒಪ್ಪಿತು.

ಅಂತರರಾಜ್ಯ ವಲಸೆ ಕಾರ್ಮಿಕರ ಕುರಿತ 1979ರ ಕಾಯಿದೆಯನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಅದರ ಒಂದು ಕಲಮು ಎದ್ದು ಕಾಣುತ್ತದೆ. ಐದು ಅಥವಾ ಹೆಚ್ಚು ಹೊರರಾಜ್ಯದವರನ್ನು ತರುವ ಗುತ್ತಿಗೆದಾರನು ಪ್ರಯಾಣದ ಖರ್ಚಲ್ಲದೆ, ತಿಂಗಳ ಕೂಲಿಯ ಅರ್ಧದಷ್ಟನ್ನು ಅಥವಾ 75 ರೂಪಾಯಿಯನ್ನು, ಯಾವುದು ಹೆಚ್ಚೋ ಅದನ್ನು, ಸ್ಥಳಾಂತರ ಭತ್ಯೆಯಾಗಿ ಕೊಡಬೇಕಿತ್ತು; ಅದನ್ನು ಮರಳಿ ಪಡೆಯುವಂತಿರಲಿಲ್ಲ. ಮೇಸ್ತ್ರಿಯ ಮುಂಗಡಕ್ಕೆ ಇದು ನೇರ ವಿರುದ್ಧ. ಕಾಯಿದೆ ಜಾರಿಯಾದದ್ದು ಅಲ್ಪವೇ. ಅದರ ಜಾಗಕ್ಕೆಂದು ರೂಪಿಸಿದ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯು ತಾನಾಗಿ ಬಂದ ವಲಸಿಗನನ್ನೂ ವ್ಯಾಖ್ಯೆಯೊಳಗೆ ತಂದು ಊರಿಗೆ ಹೋಗಿಬರುವ ಪ್ರಯಾಣ ಭತ್ಯೆಯನ್ನು ಉಳಿಸಿಕೊಂಡಿದೆಯಾದರೂ, ಐದರ ಮಿತಿಯನ್ನು ಹತ್ತಕ್ಕೆ ಏರಿಸಿದೆ ಮತ್ತು ಸ್ಥಳಾಂತರ ಭತ್ಯೆಯನ್ನು ಕೈಬಿಟ್ಟಿದೆ.