ನಾತಾಳದ ರಜೆ: ಮುಂಬಯಿಯ ಮಂಗಳೂರು ಮನೆಗಳಲ್ಲಿ ಒಂದು ವಾರ

ಮಹಾರಾಷ್ಟ್ರದ ಶಿಕ್ಷಣ ಇಲಾಖೆ ಶಾಲೆಗಳಿಗೆ ಕಳುಹಿಸುವ ರಜೆಯ ಸುತ್ತೋಲೆಗಳಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಬೇಸಗೆಯ ಮತ್ತು ದೀಪಾವಳಿಯ ದೀರ್ಘ ರಜೆಯಲ್ಲಿ ಕೆಲವು ದಿನಗಳನ್ನು ಕಡಿಮೆ ಮಾಡಿ, ಅವನ್ನು ಗಣೇಶೋತ್ಸವಕ್ಕೋ ನಾತಾಳಕ್ಕೋ ಹೊಂದಿಸಿಕೊಳ್ಳಬಹುದು ಎಂಬುದು ಅದರ ಸಾರ. ಹೀಗಾಗಿ ಮುಂಬಯಿಯ ಒಂದೇ ರಸ್ತೆಯಲ್ಲಿ ಒಂದು ಶಾಲೆಯ ಮಗು ಡಿಸೆಂಬರ್ ಕೊನೆಯ ವಾರದಲ್ಲೂ ಮಗ್ಗಿ ಒಪ್ಪಿಸುತ್ತಿರುತ್ತದೆ, ಪಕ್ಕದ ಕಾನ್ವೆಂಟಿನ ಮಗು ಮನೆಯಲ್ಲಿ ಕುಳಿತು ಬಣ್ಣದ ಕಾಗದ ಕತ್ತರಿಸುತ್ತಿರುತ್ತದೆ. ನಾತಾಳ ಎಂಬ ಮರಾಠಿ ಪದ ಪೋರ್ಚುಗೀಸರದು. ಅವರ 'ನತಾಲ್' ಎಂದರೆ ಜನನ. 1534ರ ಒಪ್ಪಂದದಿಂದ ವಸಾಯಿ, ಸಾಷ್ಟಿ ಹಾಗೂ ಮುಂಬಯಿಯ ದ್ವೀಪಗಳು ಅವರ ಕೈಸೇರಿದವು. ಮುಂಬಯಿ ಮುಂದೆ ಇಂಗ್ಲಿಷರಿಗೆ ಹೋಯಿತು, ವಸಾಯಿಯನ್ನು 1739ರಲ್ಲಿ ಮರಾಠರು ಗೆದ್ದರು. ಆಳ್ವಿಕೆ ಹೋದರೂ ಹಬ್ಬದ ಹೆಸರು ಉಳಿಯಿತು. ಕೊಂಕಣಿಯಲ್ಲೂ ಅದು ನತಾಲವೇ. ಕನ್ನಡಕ್ಕೆ ಮಾತ್ರ ಈ ಹಬ್ಬ ಇಂಗ್ಲಿಷಿನ ಬಾಗಿಲಿನಿಂದ 'ಕ್ರಿಸ್ಮಸ್' ಆಗಿ ಬಂತು.

ಆದರೆ ಹಬ್ಬ ಬೇರೆ, ಹಬ್ಬದ ವಾರ ಬೇರೆ. ಡಿಸೆಂಬರ್ 25ರಿಂದ ಜನವರಿ 1ರವರೆಗಿನ ಬಿಡುವಿನ ವಾರ ಮುಂಬಯಿಗೆ ಚರ್ಚಿನಿಂದ ಬಂದದ್ದಕ್ಕಿಂತ ಹೆಚ್ಚಾಗಿ ಬ್ರಿಟಿಷರ ಕಚೇರಿ ಮತ್ತು ನ್ಯಾಯಾಲಯಗಳಿಂದ ಬಂದದ್ದು. ಕ್ರೈಸ್ತರಲ್ಲದ ವಕೀಲರು, ಅಧ್ಯಾಪಕರು, ಗುಮಾಸ್ತರು ಇಡೀ ವರ್ಷದಲ್ಲಿ ಒಟ್ಟಿಗೆ ಬಿಡುವಾಗುತ್ತಿದ್ದುದು ಆ ದಿನಗಳಲ್ಲಿ. ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸಿನ ಮೊದಲ ಅಧಿವೇಶನ 1885ರ ಡಿಸೆಂಬರ್ 28ರಂದು ಮುಂಬಯಿಯ ಗೋಕುಲದಾಸ ತೇಜಪಾಲ ಸಂಸ್ಕೃತ ಕಾಲೇಜಿನಲ್ಲಿ ಆರಂಭವಾದದ್ದು ಈ ಬಿಡುವನ್ನು ನೋಡಿಯೇ. ಗಾಂಧೀಜಿಯವರ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನವೂ 1924ರ ಡಿಸೆಂಬರ್ 26 ಮತ್ತು 27ರಂದು ನಡೆಯಿತು. ಕರ್ನಾಟಕ ಏಕೀಕರಣದ ಮೊದಲ ಪರಿಷತ್ತು ಸೇರಿದ್ದೂ ಆ ಸಂದರ್ಭದಲ್ಲೇ, ಅದೇ ಊರಿನಲ್ಲೇ. ಏಸುವಿನ ಜನ್ಮದಿನಕ್ಕೂ ನಮ್ಮ ಏಕೀಕರಣಕ್ಕೂ ಇರುವ ನಂಟು ಇಷ್ಟು: ರಜೆ.

ದೊಡ್ಡವರು ಈ ವಾರವನ್ನು ಸಭೆಗಳಿಗೆ ಬಳಸಿಕೊಂಡ ಇತಿಹಾಸ ದಾಖಲೆಯಲ್ಲಿದೆ. ಇದೇ ವಾರ ಮನೆಯೊಳಗೆ ಮಕ್ಕಳ ಪಾಲಿಗೆ ಏನಾಯಿತು ಎಂಬುದನ್ನು ಬರೆದಿಟ್ಟವರು ಕಡಿಮೆ. ಮುಂಬಯಿಯ ಮಂಗಳೂರು ಕೆಥೋಲಿಕರ ಮನೆಗಳನ್ನು ನೋಡಿದರೆ ಅದರ ಒಂದು ಎಳೆ ಸಿಗುತ್ತದೆ.

ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು, ಆದರೆ ಅಲ್ಲಿಯ ತರುಣರ ಕಣ್ಣು ಮುಂಬಯಿಯ ಮೇಲಿತ್ತು. 1880ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾದ ಮೇಲೆ ಇಂಗ್ಲಿಷ್ ಕಲಿತ ಹುಡುಗರು ಗುಮಾಸ್ತಗಿರಿಗೂ, ಓದು ದಕ್ಕದವರು ಅಡುಗೆ, ದರ್ಜಿ ಕೆಲಸಗಳಿಗೂ ಈ ನಗರಕ್ಕೆ ಬಂದರು. ಬಂಟರು, ಮೊಗವೀರರು, ಬಿಲ್ಲವರು, ಹೋಟೆಲಿನ ಶಿವಳ್ಳಿಯವರು ಬಂದ ದಾರಿಯೂ ಅದೇ. ಬೈಕಲಾ, ಮಜಗಾಂವ್, ಮಾಹಿಮ್, ಬಾಂದ್ರಾಗಳಲ್ಲಿ ಮೊದಲು ನೆಲೆಸಿ, ಮುಂದೆ ಅಂಧೇರಿ, ಮಲಾಡಿನ ಓರ್ಲೆಮ್, ಬೊರಿವಲಿಯ ಐ.ಸಿ. ಕಾಲನಿ, ಕೊನೆಗೆ ವಸಾಯಿಯ ತನಕ ಪಶ್ಚಿಮ ರೈಲಿನ ಹಳಿಯುದ್ದಕ್ಕೂ ಅವರು ಸರಿಯುತ್ತ ಹೋದರು.

ಇವರ ನಾತಾಳವನ್ನು ರೂಪಿಸಿದ್ದು ದೂರ. 1907ರಲ್ಲಿ ಮಂಗಳೂರಿಗೆ ರೈಲು ಬಂತಾದರೂ ಅದು ಕೇರಳದ ಕಡೆಯಿಂದ ಬಂದ ಹಳಿ. ಅರಬ್ಬೀ ಸಮುದ್ರದ ಒಂದೇ ದಂಡೆಯ ಮೇಲಿದ್ದರೂ ಮುಂಬಯಿಯಿಂದ ಮಂಗಳೂರಿಗೆ ರೈಲಿನಲ್ಲಿ ಹೋಗುವವರು ದಕ್ಷಿಣ ಭಾರತವನ್ನು ಸುತ್ತಬೇಕಾಗಿತ್ತು. ಇಲ್ಲವಾದರೆ ಮಳೆಗಾಲದಲ್ಲಿ ನಿಂತುಹೋಗುವ ಕರಾವಳಿಯ ಉಗಿಹಡಗು, ಆಮೇಲಿನ ಕಾಲದಲ್ಲಿ ಘಟ್ಟದ ತಿರುವುಗಳ ಬಸ್ಸು. ಒಂದು ವಾರದ ರಜೆಯಲ್ಲಿ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಹೋಗಿ ಬರುವುದರಲ್ಲೇ ಅರ್ಧ ರಜೆ ತೀರುತ್ತಿತ್ತು, ಟಿಕೇಟಿನ ಹಣದಲ್ಲಿ ವರ್ಷದ ಉಳಿತಾಯವೂ ತೀರುತ್ತಿತ್ತು. ಆದ್ದರಿಂದ ಊರು ಮೇ ತಿಂಗಳಿಗೆ ಸೇರಿದ್ದಾಯಿತು: ಹಲಸು, ಮಾವು, ಮದುವೆಗಳು, ಅಜ್ಜಿಮನೆಯ ಬಾವಿ. ನಾತಾಳ ಮುಂಬಯಿಯ ಪಾಲಿಗೆ ಉಳಿಯಿತು. ನಮ್ಮಂಥ ಹಿಂದೂ ಮನೆಗಳ ಮಕ್ಕಳೂ ಊರನ್ನು ಮೇ ತಿಂಗಳಲ್ಲೇ ಕಂಡವರು. ಆದರೆ ನಮ್ಮ ದೊಡ್ಡ ಹಬ್ಬಗಳಿಗೆ ಊರಿನಿಂದ ಯಾರಾದರೂ ಬರುತ್ತಿದ್ದರು, ಇಲ್ಲವೇ ಇಲ್ಲಿಂದ ಒಬ್ಬರಾದರೂ ಹೋಗುತ್ತಿದ್ದರು. ಅವರ ನಾತಾಳದಲ್ಲಿ ಎರಡು ಊರುಗಳೂ ಏಕಕಾಲಕ್ಕೆ ಅದೇ ಹಬ್ಬದಲ್ಲಿ ಮುಳುಗಿರುತ್ತಿದ್ದವು. ಯಾರೂ ಯಾರ ಮನೆಗೂ ಬರುವಂತಿರಲಿಲ್ಲ. ಅಜ್ಜಿಯಿಲ್ಲದ ಹಬ್ಬವನ್ನು ಅಮ್ಮ ಮತ್ತು ಮಕ್ಕಳು ಸೇರಿ ಒಂದು ಕೋಣೆಯಲ್ಲಿ ಕಟ್ಟಬೇಕಾಗಿತ್ತು.

ಅದು ಆರಂಭವಾಗುತ್ತಿದ್ದುದು ಅಡುಗೆಮನೆಯಲ್ಲಿ, 'ಕುಸ್ವಾರ್' ಮಾಡುವ ರಾತ್ರಿಗಳಲ್ಲಿ. ಹಬ್ಬದ ತಿಂಡಿಗಳ ಒಟ್ಟು ಹೆಸರು ಅದು. ಗೋವೆಯವರು ಇದನ್ನೇ 'ಕೊನ್ಸುವಾದ್' ಎನ್ನುತ್ತಾರೆ. ತಟ್ಟೆಯನ್ನು ನೋಡಿದರೆ ಕರಾವಳಿಯ ಇತಿಹಾಸವೇ ಇದೆ. ನೆವ್ರಿ ನಮ್ಮ ಕರ್ಜಿಕಾಯಿ, ಅದಕ್ಕೆ ಧರ್ಮಭೇದವಿಲ್ಲ. ಎಳ್ಳುಂಡೆಯೂ ಹಾಗೆಯೇ. ಕಬ್ಬಿಣದ ಅಚ್ಚನ್ನು ತೆಂಗಿನ ಹಾಲಿನ ಹಿಟ್ಟಿನಲ್ಲಿ ಅದ್ದಿ ಎಣ್ಣೆಗಿಳಿಸುವ ಹೂವಿನಂಥ ಕೊಕ್ಕಿಸಾಂ ತನ್ನ ಹೆಸರಿನಲ್ಲೇ ಡಚ್ಚರ ನೆನಪನ್ನು ಹೊತ್ತಿದೆ. ಇನ್ನು ಕಿಡಿಯೊ. ಕಿಡಿ ಎಂದರೆ ಹುಳು. ಗೋಲಿಯಷ್ಟು ಹಿಟ್ಟನ್ನು ಮುಳ್ಳುಚಮಚದ ಬೆನ್ನಿನ ಮೇಲೋ ಹೊಸ ಬಾಚಣಿಗೆಯ ಮೇಲೋ ಒತ್ತಿ ಸುರುಳಿ ಸುತ್ತಿದರೆ ಮೈತುಂಬ ಗೆರೆಯಿರುವ ಹುಳುವಾಗುತ್ತದೆ. ಅದನ್ನು ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸಬೇಕು. ಈ ತಿಂಡಿಗೆ ಸಣ್ಣ ಬೆರಳುಗಳು ಬೇಕು, ಬಹಳ ಬೆರಳುಗಳು ಬೇಕು. ಊರಿನಲ್ಲಿ ಅತ್ತೆ, ಚಿಕ್ಕಮ್ಮಂದಿರು ಕೂತು ಮಾಡುತ್ತಿದ್ದ ಕೆಲಸ ಮುಂಬಯಿಯಲ್ಲಿ ನಾಲ್ಕು, ಐದು, ಆರು ವರ್ಷದವರ ಪಾಲಿಗೆ ಬಂತು. ನೆಲದ ಮೇಲೆ ಹಳೆಯ ಕನ್ನಡ ಪತ್ರಿಕೆ ಹಾಸಿ, ಶಾಲೆಯಿಲ್ಲದ ರಾತ್ರಿ ಹತ್ತರ ತನಕ ಕೂರಿಸಿ ಸುತ್ತಿಸಿದ ಆ ಹುಳುಗಳನ್ನು ಬಾಲ್ಯದ ಮೊದಲ ನೆನಪೆಂದು ಹೇಳುವ ಹಿರಿಯರು ಈ ನಗರದಲ್ಲಿ ಹಲವರಿದ್ದಾರೆ.

ಸಕ್ಕರೆ ಸುಲಭದ ಮಾತಾಗಿರಲಿಲ್ಲ. 1943ರಲ್ಲಿ ಯುದ್ಧಕಾಲದ ಪಡಿತರ ಮುಂಬಯಿಗೆ ಬಂದ ಮೇಲೆ ಹಬ್ಬದ ತಟ್ಟೆಯ ಅಳತೆಯನ್ನು ಪಡಿತರ ಚೀಟಿ ನಿರ್ಧರಿಸುವಂತಾಯಿತು. ವಾರವಾರದ ಚಹಾದಿಂದ ಒಂದೊಂದು ಚಮಚ ಉಳಿಸಿ ಡಬ್ಬಿಗೆ ಹಾಕುವುದು ಗೃಹಿಣಿಯರ ಲೆಕ್ಕಾಚಾರವಾಯಿತು. ಆಮೇಲೆ 1949ರ ಬಾಂಬೆ ಪಾನನಿಷೇಧ ಕಾಯ್ದೆ ಬಂತು. ದ್ರಾಕ್ಷಿಯನ್ನು ರಮ್ಮಿನಲ್ಲಿ ನೆನೆಸುವ ಪ್ಲಮ್ ಕೇಕಿಗೂ, ಮೂಲೆಯ ಭರಣಿಯಲ್ಲಿ ಹುದುಗುವ ಮನೆಯ ವೈನಿಗೂ ಅದು ಒಡ್ಡಿದ ಇಕ್ಕಟ್ಟು ಬೇರೆಯೇ ಒಂದು ಲೇಖನದ ವಸ್ತು. ಮಕ್ಕಳಿಗೆ ಅದರಿಂದ ನಷ್ಟವೇನೂ ಆದಂತಿಲ್ಲ.

ತಿಂಡಿಯಾದ ಮೇಲೆ ತಟ್ಟೆಗಳ ಯಾತ್ರೆ. ಕಸೂತಿಯ ಬಟ್ಟೆ ಮುಚ್ಚಿದ ತಟ್ಟೆಯನ್ನು ಮಗು ನೆರೆಮನೆಗಳಿಗೆ ಒಯ್ಯಬೇಕು. ಗುಜರಾತಿ ಮನೆಗೆ ಮೊಟ್ಟೆಯಿಲ್ಲದ್ದು ಯಾವುದು, ಯಾವ ಮನೆಯಲ್ಲಿ ಸೂತಕ, ಯಾರ ಮನೆಯಲ್ಲಿ ಮುಂಚೆ ಬಾಗಿಲು ತಟ್ಟಬೇಕು ಎಂಬುದೆಲ್ಲ ಅದಕ್ಕೆ ಬಾಯಿಪಾಠ. ದೀಪಾವಳಿಗೆ ಮರಾಠಿ ಮನೆಯಿಂದ ಚಕ್ಕುಲಿ, ಶಂಕರಪಾಳಿ ತುಂಬಿ ಬಂದ ತಟ್ಟೆ ಎರಡು ತಿಂಗಳ ಬಳಿಕ ನೆವ್ರಿ ಹೊತ್ತು ಹಿಂದಿರುಗುತ್ತಿತ್ತು; ಖಾಲಿ ತಟ್ಟೆ ಮರಳಿಸುವುದು ಎರಡು ಕಡೆಯೂ ಅಪಶಕುನ. ಇನ್ನೊಂದು ದಿಕ್ಕಿನಿಂದ ಈಸ್ಟ್ ಇಂಡಿಯನ್ನರ ತಟ್ಟೆ ಬರುತ್ತಿತ್ತು. ಅವರು ಈ ನೆಲದ ಮೂಲ ಕ್ರೈಸ್ತರು. ಗೋವೆಯಿಂದ ಬಂದವರಿಂದ ತಮ್ಮನ್ನು ಬೇರೆಯಾಗಿ ಗುರುತಿಸಿಕೊಳ್ಳಲು ವಿಕ್ಟೋರಿಯಾ ರಾಣಿಯ ಸುವರ್ಣೋತ್ಸವದ ವರ್ಷವಾದ 1887ರಲ್ಲಿ ಆ ಹೆಸರನ್ನು ತಳೆದರು. ಅವರ ಗೇರುಬೀಜದ ಮಾರ್ಜಿಪಾನ್, ಮೀನು, ಶಂಖ, ನಕ್ಷತ್ರಗಳ ಅಚ್ಚಿನಲ್ಲಿ ಒತ್ತಿದ ಹಾಲಿನ ಮಿಠಾಯಿ ಮಂಗಳೂರಿನ ತಟ್ಟೆಗೂ ಹತ್ತಿತು. ಮಂಗಳೂರಿನಲ್ಲಿ ಕಾಣದ ಒಂದು ಕುಸ್ವಾರ್ ಹೀಗೆ ಮುಂಬಯಿಯಲ್ಲಿ ತಯಾರಾಯಿತು.

ಗೋದಲಿಗೆ ಜಾಗ ಹುಡುಕುವುದು ಮತ್ತೊಂದು ಸಾಹಸ. ಅಸ್ಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಊರಿನಲ್ಲಿ ನಿಜವಾದ ಎತ್ತು, ಕತ್ತೆಗಳೊಡನೆ ಕಟ್ಟಿದ ದೃಶ್ಯ ಮುಂಬಯಿಯಲ್ಲಿ ಹೊಲಿಗೆಯಂತ್ರದ ಮೇಲೆ ಅಥವಾ ಮಂಚದ ಕೆಳಗೆ ನೆಲೆಯಾಗಬೇಕಿತ್ತು. ಹದಿನೈದು ದಿನ ಮೊದಲೇ ಹಾಲಿನ ಪುಡಿಯ ಡಬ್ಬಿಗಳಲ್ಲಿ ರಾಗಿಯನ್ನೋ ಗೋಧಿಯನ್ನೋ ಬಿತ್ತಿ, ದಿನವೂ ನೀರು ಚಿಮುಕಿಸಿ, ಗೋದಲಿಯ ಸುತ್ತ ಇಡುವ ಹುಲ್ಲು ಬೆಳೆಸುವುದು ಮಕ್ಕಳ ಹೊಣೆ. ನಗರದಲ್ಲೇ ಹುಟ್ಟಿದ ಮಗುವಿಗೆ ಗೊತ್ತಿದ್ದ ಬೇಸಾಯ ಅಷ್ಟೇ. ನಕ್ಷತ್ರದ ಕಥೆಯೂ ಸ್ವಾರಸ್ಯಕರ. ಹತ್ತೊಂಬತ್ತನೆಯ ಶತಮಾನದ ಜರ್ಮನಿಯ ಮೊರಾವಿಯನ್ ಶಾಲೆಗಳಲ್ಲಿ ಪ್ರಚಾರಕ್ಕೆ ಬಂದ ಕಾಗದದ ನಕ್ಷತ್ರಕ್ಕೆ ಮುಂಬಯಿಯಲ್ಲಿ ಮೊದಲೇ ಒಬ್ಬ ಸೋದರನಿದ್ದ, ದೀಪಾವಳಿಯ ಆಕಾಶಕಂದೀಲು. ಬಿದಿರ ಕಡ್ಡಿ, ಬಣ್ಣದ ಕಾಗದ, ಒಳಗೊಂದು ಬಲ್ಬು: ಒಂದನ್ನು ಕಟ್ಟಬಲ್ಲ ಕೈಗೆ ಇನ್ನೊಂದು ಕಷ್ಟವಲ್ಲ. ಈಗ ಬಾಂದ್ರಾದ ಹಿಲ್ ರೋಡಿನಲ್ಲಿ, ಕ್ರಾಫರ್ಡ್ ಮಾರ್ಕೆಟಿನಲ್ಲಿ ಎಲ್ಲವೂ ಸಿದ್ಧವಾಗಿ ಸಿಗುತ್ತವೆ.

ಬಾಲ ಏಸುವಿನ ಬೊಂಬೆಯನ್ನು 24ರ ರಾತ್ರಿಯವರೆಗೆ ಗೋದಲಿಯಲ್ಲಿ ಇಡುವಂತಿಲ್ಲ. ನಡುರಾತ್ರಿಯ ಪೂಜೆಯಿಂದ ಹಿಂದಿರುಗಿದ ಮೇಲೆ ಮನೆಯ ಅತಿ ಕಿರಿಯ ಮಗು ಅದನ್ನು ಮಲಗಿಸಬೇಕು. ಆದರೆ ಆ ಮಗು ಅಷ್ಟು ಹೊತ್ತಿಗೆ ಅಪ್ಪನ ಹೆಗಲ ಮೇಲೆ ನಿದ್ದೆಹೋಗಿರುತ್ತಿತ್ತು, ಅದರ ಕೈ ಹಿಡಿದು ಇಡಿಸುತ್ತಿದ್ದರು. ಇದು ಬದಲಾಗಿದೆ. 2000ದ ಶಬ್ದಮಾಲಿನ್ಯ ನಿಯಮಗಳು ಮತ್ತು 2005ರ ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕಕ್ಕೆ ಕಡಿವಾಣ ಬಿತ್ತು. ಬಯಲಲ್ಲಿ ಪೂಜೆ ನಡೆಸುವ ಮುಂಬಯಿಯ ಅನೇಕ ಚರ್ಚುಗಳು ನಡುರಾತ್ರಿಯ ಪೂಜೆಯನ್ನು ಹತ್ತರೊಳಗೆ ಮುಗಿಸತೊಡಗಿದವು. ಹೆಸರು ನಡುರಾತ್ರಿಯದೇ, ವೇಳೆ ಸಂಜೆಯದು. ಹಿರಿಯರು ಇದನ್ನು ಹಬ್ಬಕ್ಕೆ ಬಂದ ಕುಂದೆಂದು ಎಣಿಸುತ್ತಾರೆ. ನನಗೆ ಹಾಗೆನಿಸುವುದಿಲ್ಲ: ಇಡೀ ಹಬ್ಬ ಯಾರ ಹೆಸರಿನಲ್ಲಿ ನಡೆಯುತ್ತದೋ ಆ ವಯಸ್ಸಿನವರು ಈಗ ಎಚ್ಚರವಾಗಿರುತ್ತಾರೆ.

26ರಿಂದ ಮಕ್ಕಳು ಮನೆಯಿಂದ ಗಲ್ಲಿಗೆ ಇಳಿಯುತ್ತಾರೆ. ಬಾಂದ್ರಾದ ಹಳೆಯ ಓಣಿಗಳಲ್ಲಿ, ಉಪನಗರದ ಕ್ರೈಸ್ತ ವಾಡಿಗಳಲ್ಲಿ ಹಳೆಯ ಪ್ಯಾಂಟು, ಅಂಗಿಗಳಿಗೆ ಹುಲ್ಲು ತುಂಬಿ, ಕಾಗದದ ಮುಖ ಬರೆದು, ತಲೆಗೊಂದು ಟೊಪ್ಪಿಯಿಟ್ಟು ಕುರ್ಚಿಯಲ್ಲಿ ಕೂರಿಸುವ 'ಓಲ್ಡ್ ಮ್ಯಾನ್' ಕಳೆಯುವ ವರ್ಷದ ಮುದುಕ. ದಾರಿಹೋಕರ ಮುಂದೆ ಡಬ್ಬಿ ಕುಲುಕಿ ಚಿಲ್ಲರೆ ಕೂಡಿಸುವುದು, ಆ ಹಣದಲ್ಲಿ ಪಟಾಕಿ ಕೊಂಡು ಮುದುಕನ ಹೊಟ್ಟೆಗೆ ತುರುಕುವುದು, 31ರ ನಡುರಾತ್ರಿ ಬೆಂಕಿಯಿಡುವುದು. ಕೊಚ್ಚಿಯಲ್ಲಿ ಇವನ ದಾಯಾದಿ ಪಾಪ್ಪಾಂಜಿ ಇದ್ದಾನೆ. ಹೋಳಿಗೆ ಚಂದಾ ಎತ್ತಿ ಕಾಮನನ್ನು ಸುಟ್ಟ ಬಯಲುಸೀಮೆಯ ಕನ್ನಡಿಗರಿಗೆ ಈ ಆಟ ಅಪರಿಚಿತವಲ್ಲ. ಮೂವರು ಜ್ಞಾನಿಗಳ ಬೊಂಬೆಗಳನ್ನು ದಿನಕ್ಕೊಂದು ಗೇಣು ಸರಿಸಿ ಜನವರಿ 6ಕ್ಕೆ ಗೋದಲಿಗೆ ತಲಪಿಸುವ ಮನೆಗಳೂ ಇವೆ. ಶಾಲೆ ಅದಕ್ಕೂ ಮೊದಲೇ ತೆರೆದುಬಿಡುತ್ತದೆ. ಜ್ಞಾನಿಗಳು ಬಂದು ಮುಟ್ಟುವ ದಿನ ಮಗು ಹೋಂವರ್ಕ್ ಬರೆಯುತ್ತಿರುತ್ತದೆ.

1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಲೋಕಾರ್ಪಣೆಯಾಯಿತು. ಮಂಗಳೂರು ಒಂದು ರಾತ್ರಿಯ ದೂರಕ್ಕೆ ಬಂತು. ನಾತಾಳಕ್ಕೆ ಊರಿಗೆ ಹೋಗುವುದು ಸಾಧ್ಯವಾದಾಗ ಹೋಗಬೇಕೆನ್ನುವವರೇ ಕಡಿಮೆಯಾಗಿದ್ದರು. ಹಬ್ಬ ಎರಡು ತಲೆಮಾರು ಇಲ್ಲಿ ಬೇರು ಬಿಟ್ಟಿತ್ತು. ತಿಂಡಿ, ಗೋದಲಿ, ತಟ್ಟೆ, ಮುದುಕ ಎಲ್ಲವೂ ಮಗುವಿನ ಕೈಗೆ ಬಂದವು. ಬಾರದೆ ಹೋದದ್ದು ಒಂದಿದೆ, ಅದು ನಮ್ಮ ಅಕ್ಷರ.

ಮಂಗಳೂರು ಕೆಥೋಲಿಕರ ಕೊಂಕಣಿ ಕನ್ನಡ ಲಿಪಿಯಲ್ಲಿದೆ. 1938ರಲ್ಲಿ ಮಂಗಳೂರಿನಲ್ಲಿ ಆರಂಭವಾದ 'ರಾಕ್ಣೊ' ವಾರಪತ್ರಿಕೆ, ಮುಂಬಯಿಯಲ್ಲೇ ಹುಟ್ಟಿದ 'ದಿವೊ', ಪ್ರಾರ್ಥನೆಯ ಪುಸ್ತಕಗಳು, ನಾತಾಳದ ಹಾಡಿನ ಹಾಳೆಗಳು ಎಲ್ಲವೂ ಅದರಲ್ಲೇ. ಗೋವೆಯ ಕ್ರೈಸ್ತರು ಅದೇ ಭಾಷೆಯನ್ನು ರೋಮನ್ ಲಿಪಿಯಲ್ಲಿ ಬರೆಯುತ್ತಾರೆ, ಗೋವೆಯ ಸರಕಾರ ದೇವನಾಗರಿಯಲ್ಲಿ. ಮುಂಬಯಿಯ ಕಾನ್ವೆಂಟಿನ ಮಗುವಿಗೆ ಇಂಗ್ಲಿಷಿನಿಂದ ರೋಮನ್, ಹಿಂದಿ ಮರಾಠಿಗಳಿಂದ ದೇವನಾಗರಿ ಹೇಗೂ ಬರುತ್ತದೆ. ಬಾರದಿರುವುದು ಅಜ್ಜಿಯ ಲಿಪಿಯೊಂದೇ. ಹೀಗಾಗಿ ಗಾಯನಮಂಡಳಿಯ ಮಕ್ಕಳ ಕೈಯಲ್ಲಿ ಈಗ ರೋಮನ್ ಅಕ್ಷರಕ್ಕೆ ಇಳಿಸಿದ ಹಾಳೆಗಳಿರುತ್ತವೆ.

ಕೆಲವು ವರ್ಷಗಳ ಹಿಂದೆ ಡಿಸೆಂಬರಿನಲ್ಲಿ ನಮ್ಮ ಕಟ್ಟಡದ ಒಂದು ಮನೆಯಿಂದ ತಾಯಿ ಮತ್ತು ಚಿಕ್ಕ ಮಗಳು ಒಂದು ನೋಟ್‌ಬುಕ್ ಹಿಡಿದು ಬಂದರು. ತೀರಿಹೋದ ಅತ್ತೆ ಬರೆದಿಟ್ಟ ಕುಸ್ವಾರಿನ ಪಾಕವಿಧಾನ. ದುಂಡನೆಯ ಕನ್ನಡ ಅಕ್ಷರ, ಭಾಷೆ ಕೊಂಕಣಿ. ಓದಬಲ್ಲ ನನಗೆ ಅರ್ಥವಾಗದು, ಅರ್ಥವಾಗುವ ಆಕೆಗೆ ಓದಲು ಬಾರದು. ನಾನು ಒಂದೊಂದು ಸಾಲು ಗಟ್ಟಿಯಾಗಿ ಓದಿದೆ, ಆಕೆ ಕೇಳಿ ಇಂಗ್ಲಿಷಿನಲ್ಲಿ ಬರೆದುಕೊಂಡರು, ಮಗು ನನ್ನ ಉಚ್ಚಾರಕ್ಕೆ ನಕ್ಕಿತು. ಕಿಡಿಯೊ ಎಂಬಲ್ಲಿಗೆ ಬಂದಾಗ ಅಳತೆ ಸೇರು, ಪಾವುಗಳಲ್ಲಿತ್ತು. ಪಾವೆಂದರೆ ಎಷ್ಟು ಗ್ರಾಮು ಎಂದು ತಾಯಿ ಕೇಳಿದರು. ನಾನು ಒಳಗೆ ಹೋಗಿ ನಮ್ಮಮ್ಮನ ಅಕ್ಕಿ ಅಳೆಯುವ ಹಿತ್ತಾಳೆಯ ಪಾವನ್ನೇ ತಂದು ಅವರ ಕೈಗಿತ್ತೆ.