ಚಿಲಿಗೆ ಹೋದ ಗೇಜ್

ಈ ಸಲದ ವಿಡಿಯೋ ರೆಕಾರ್ಡ್ ಮಾಡುವಾಗ ಎರಡು ಸಲ ನಿಲ್ಲಿಸಬೇಕಾಯ್ತು. ಒಳಗಿನ ರೂಮಿನಿಂದ ಅಣ್ಣ ಕರೆದದ್ದು ನಿಮಗೂ ಕೇಳಿರಬಹುದು. ಎಡಿಟ್‌ನಲ್ಲಿ ತೆಗೆಯೋಕೆ ಮನಸ್ಸಾಗಲಿಲ್ಲ, ಯಾಕಂದ್ರೆ ಇವತ್ತಿನ ವಿಷಯಾನೇ ಅದು.

ನಮ್ಮೂರು ಧಾರವಾಡದ ಕಡೆ. ಪುಣೆಗೆ ಮೊದಲು ಬಂದವನು ಅಣ್ಣ, ನನಗೆ ಇಲ್ಲಿ ದಾರಿ ಮಾಡಿಕೊಟ್ಟವನೂ ಅವನೇ. ಹಿಂಜವಡಿಯಿಂದ ಬೈಕಲ್ಲಿ ಮನೆಗೆ ಬರ್ತಾ ಬಿದ್ದ. ಹೆಲ್ಮೆಟ್ ಇತ್ತು, ಪಟ್ಟಿ ಹಾಕಿರಲಿಲ್ಲ. ಮುಂದಿನ ಮೆದುಳಿಗೆ ಪೆಟ್ಟು. ಡಿಸ್ಚಾರ್ಜ್ ಆದಮೇಲೆ ಎಲ್ಲರ ಹಾಗೆ ನಾನೂ ರಾತ್ರಿ ಎಲ್ಲಾ ಗೂಗಲ್ ಮಾಡ್ತಾ ಕೂತೆ. ಅಲ್ಲಿ ಸಿಕ್ಕವನು ಫಿನಿಯಾಸ್ ಗೇಜ್.

1848ರ ಸೆಪ್ಟೆಂಬರ್ 13. ಅಮೆರಿಕದ ವರ್ಮಾಂಟ್ ರಾಜ್ಯದ ಕ್ಯಾವೆಂಡಿಶ್ ಊರಿನ ಹತ್ತಿರ ರೈಲು ಹಳಿಗೆ ಬಂಡೆ ಒಡೀತಿದ್ದರು. ಗೇಜ್ 25ರ ಹರೆಯದ ಮೇಸ್ತ್ರಿ. ಬಂಡೆಯಲ್ಲಿ ಕುಳಿ ಕೊರೆದು, ಮದ್ದು ತುಂಬಿ, ಬತ್ತಿ ಇಟ್ಟು, ಮೇಲೆ ಮರಳು ಹಾಕಿ ಕಬ್ಬಿಣದ ಹಾರೆಯಿಂದ ಜಡೀಬೇಕು. ಆ ಹೊತ್ತು ಹಾರೆಯ ಕಿಡಿ ಮದ್ದಿಗೆ ತಗುಲಿತು. ಮೂರೂವರೆ ಅಡಿಗಿಂತ ಉದ್ದದ, ಆರು ಕಿಲೋ ತೂಕದ ಹಾರೆ ಎಡಗೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಂದು ದೂರ ಬಿತ್ತು. ಮನುಷ್ಯ ಸಾಯಲಿಲ್ಲ. ಎತ್ತಿನ ಗಾಡಿಯಲ್ಲಿ ಕೂತೇ ತಂಗಿದ್ದ ಹೋಟೆಲಿಗೆ ಬಂದ. ಜಾನ್ ಹಾರ್ಲೋ ಅನ್ನೋ ಊರ ಡಾಕ್ಟರ್ ಹತ್ತು ವಾರ ನೋಡಿಕೊಂಡರು. ಆಂಟಿಬಯೋಟಿಕ್ ಹೆಸರೂ ಇಲ್ಲದ ಕಾಲದಲ್ಲಿ ಕೀವು ತೆಗೆದು ಉಳಿಸಿದರು. ನವೆಂಬರ್ ಕೊನೆಗೆ ಗೇಜ್ ನ್ಯೂ ಹ್ಯಾಂಪ್‌ಶೈರ್‌ನ ತಂದೆತಾಯಿಯ ಮನೆಗೆ ಹೋದ.

ಎಲ್ಲ ಪಾಠಪುಸ್ತಕಗಳಲ್ಲೂ ಬರೋದು ಇದರ ಮುಂದಿನ ಒಂದೇ ಮಾತು: ಅವನ ಸ್ವಭಾವ ಕೆಟ್ಟಿತು, ಬೈಗುಳ, ಹಟ, ಹಳೆ ಮೇಸ್ತ್ರಿ ಕೆಲಸ ಕೊಡಲಿಲ್ಲ, ಸ್ನೇಹಿತರ ಪಾಲಿಗೆ ಅವನು ಆ ಗೇಜ್ ಆಗಿ ಉಳಿಯಲಿಲ್ಲ. ಇದನ್ನ ನಾನು ತಲೆಕೆಟ್ಟವನ ಹಾಗೆ ಮನೆ ಗ್ರೂಪಿಗೆ ಫಾರ್ವರ್ಡ್ ಮಾಡಿದೆ. ವೈನಿ ಓದಿ ಅಡಿಗೆಮನೆಯಲ್ಲೇ ನಿಂತು ಕೇಳಿದರು, "ಹಂಗಂದ್ರ ಇವರು ಇನ್ನ ಇವರಾಗಂಗಿಲ್ಲೇನು?" ಆ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ. ತಪ್ಪು ನಂದೇ, ಅರ್ಧ ಓದಿ ಕಳಿಸಿದ್ದೆ.

ಉಳಿದರ್ಧ ಓದಿದ್ದು ತಿಂಗಳುಗಳ ಮೇಲೆ. ಹಾರ್ಲೋ ತಮ್ಮ ವಿವರವಾದ ವರದಿ ಕೊಟ್ಟದ್ದು 1868ರಲ್ಲಿ, ಅಂದ್ರೆ ಗೇಜ್ ಸತ್ತು ಎಂಟು ವರ್ಷ ಆದಮೇಲೆ. ನಡುವಿನ ವರ್ಷಗಳು ಅವರಿಗೆ ಗೊತ್ತಾದದ್ದು ಗೇಜ್‌ನ ತಾಯಿಯಿಂದ. ಮಗ ಮನೆಗೆ ಬಂದಾಗ ಅಕ್ಕತಂಗಿಯರ ಮಕ್ಕಳನ್ನ ಕೂರಿಸಿಕೊಂಡು ಸುಳ್ಳುಸುಳ್ಳೇ ಸಾಹಸದ ಕಥೆ ಹೇಳ್ತಿದ್ದ, ಮಕ್ಕಳು, ಕುದುರೆ, ನಾಯಿ ಅಂದ್ರೆ ಪ್ರಾಣ ಅಂತ ಆಕೆ ಹೇಳಿದ್ದಾಳೆ. ಪಾಠಪುಸ್ತಕದವರಿಗೆ ಇದು ಬೇಡವಾಯ್ತು ನೋಡಿ.

ಅಷ್ಟೇ ಅಲ್ಲ, ಗೇಜ್ ಕೈಕಟ್ಟಿ ಕೂರಲಿಲ್ಲ. ಮೊದಲು ಒಂದು ಕುದುರೆ ಲಾಯದಲ್ಲಿ ದುಡಿದ. 1852ರಲ್ಲಿ ಚಿಲಿ ದೇಶಕ್ಕೆ ಹೋದ. ಅಲ್ಲಿ ವಾಲ್ಪರೈಸೊ ಕಡೆ ಪ್ರಯಾಣಿಕರ ಸಾರೋಟು ಓಡಿಸೋ ಕೆಲಸ, ಎಷ್ಟೋ ಸಲ ಆರು ಕುದುರೆ ಕಟ್ಟಿದ, ಭಾರ ತುಂಬಿದ ಗಾಡಿ. ಸುಮಾರು ಏಳು ವರ್ಷ. ಆರು ಕುದುರೆಗಳ ಲಗಾಮನ್ನ ಬೇರೆಬೇರೆಯಾಗಿ ಹಿಡಿಯೋದು, ಗುರುತಿಲ್ಲದ ಭಾಷೆಯ ಜನರ ಜೊತೆ ವ್ಯವಹಾರ, ಸಮಯಕ್ಕೆ ಹೊರಡೋದು! ಆಸ್ಟ್ರೇಲಿಯದ ಮನಶ್ಶಾಸ್ತ್ರಜ್ಞ ಮಾಲ್ಕಂ ಮ್ಯಾಕ್‌ಮಿಲನ್ ಈ ಕಥೆಯನ್ನ ವರ್ಷಗಟ್ಟಲೆ ಕೆದಕಿ 2000ದಲ್ಲಿ ಪುಸ್ತಕ ತಂದರು. ಅವರ ವಾದ ಏನಂದ್ರೆ, ಸ್ವಭಾವ ಕೆಟ್ಟದ್ದು ಮೊದಲ ಕೆಲವು ವರ್ಷ ಇರಬಹುದು. ದಿನಾ ಅದೇ ಹೊತ್ತಿಗೆ ಅದೇ ಸರಣಿಯಲ್ಲಿ ಬರೋ ಕೆಲಸ ಅವನನ್ನ ಮತ್ತೆ ಹಳಿಗೆ ತಂದಿರಬೇಕು. ನನಗೆ ಈ ವಾದ ಸರಿ ಅನ್ನಿಸುತ್ತೆ. ನನಗೆ ಬೇಕಾದ್ದರಿಂದ ಸರಿ ಅನ್ನಿಸುತ್ತೋ ಏನೋ, ಅದನ್ನೂ ಹೇಳಿಬಿಡ್ತೀನಿ. 2009ರಲ್ಲಿ ಅವನ ಫೋಟೋ ಬೆಳಕಿಗೆ ಬಂತು: ಎಡಗಣ್ಣು ಮುಚ್ಚಿದೆ, ಒಳ್ಳೆ ಕೋಟು, ಕೈಯಲ್ಲಿ ಅದೇ ಹಾರೆ.

ಕೊನೆ ಸುಖದ್ದಲ್ಲ. 1859ರಲ್ಲಿ ಆರೋಗ್ಯ ಕೆಟ್ಟು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿದ್ದ ತಾಯಿ, ತಂಗಿಯ ಹತ್ತಿರ ಬಂದ. ಫಿಟ್ಸ್ ಶುರುವಾಯ್ತು. 1860ರ ಮೇ 21ಕ್ಕೆ ತೀರಿಕೊಂಡ, 36 ವರ್ಷ. ಆಮೇಲೆ ಹಾರ್ಲೋ ಕೇಳಿದಾಗ ಮನೆಯವರು ಒಪ್ಪಿ ಗೋರಿ ತೆಗೆಸಿದರು. ತಲೆಬುರುಡೆ, ಹಾರೆ ಎರಡೂ ಇವತ್ತು ಹಾರ್ವರ್ಡ್‌ನಲ್ಲಿವೆ. ಆ ತಾಯಿ ಅದಕ್ಕೆ ಹೇಗೆ ಹೂಂ ಅಂದಳೋ ಅಂತ ನಮ್ಮವ್ವ ಈಗಲೂ ಕೇಳ್ತಾಳೆ.

ಅಣ್ಣ ಗೇಜ್ ಅಲ್ಲ. ಪೆಟ್ಟು ಬೇರೆ, ಕಾಲ ಬೇರೆ. ಸಂಜೆ ಆರಾದರೆ ಸಿಟ್ಟು ಬರುತ್ತೆ, ಟಿವಿ ಮತ್ತು ಮಿಕ್ಸಿ ಒಟ್ಟಿಗೆ ಸದ್ದು ಮಾಡಿದರೆ ಕಿವಿ ಮುಚ್ಕೋತಾನೆ, ಕುಡಿದ ಚಹಾ ಮರೆತು ಮತ್ತೆ ಕೇಳ್ತಾನೆ. ಆದರೆ ಚಿಲಿ ಕಥೆ ಹೇಳಿದ ಮಾರನೇ ದಿನ ವೈನಿ ಫ್ರಿಜ್ ಮೇಲೆ ಆರು ಕೆಲಸ ಬರೆದು ಅಂಟಿಸಿದರು. ಹಾಲಿನ ಪ್ಯಾಕೆಟ್ ತರೋದು, ಗಿಡಕ್ಕೆ ನೀರು, ಅಕ್ಕಿ ಅಳೆಯೋದು, ಬಟ್ಟೆ ಮಡಚೋದು, ಹೀಗೆ. ಎಂಟು ತಿಂಗಳಿಂದ ಅದೇ ಪಟ್ಟಿ, ಅದೇ ಹೊತ್ತು. ಮನೆಯಲ್ಲಿ ಅದರ ಹೆಸರು ಆರು ಕುದುರಿ.

ನಿನ್ನೆ ನಾಲ್ಕನೆಯದು ಬಿಟ್ಟುಹೋಗಿತ್ತು. ಬಟ್ಟೆ ರಾಶಿ ಹಾಗೇ ಬಿದ್ದಿತ್ತು. ವೈನಿ ಕೇಳಿದ್ದಕ್ಕೆ ಅಣ್ಣ ಪಟ್ಟಿ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಕುದುರಿ ಇವತ್ತ ಕುಂಟಾಕತ್ತೈತಿ" ಅಂದ.

ಮುಂದಿನ ವಿಡಿಯೋ ಹದಿನೈದು ದಿನಕ್ಕೆ. ತಡವಾದರೆ ಮನ್ನಿಸಿ, ಆ ವಾರ ಅಣ್ಣನ ಚೆಕಪ್ ಇದೆ.