ಲೆನಕಾಪವಿರ್
ಎಚ್‌ಐವಿ ಸೋಂಕು ತಗಲದಂತೆ ಆರು ತಿಂಗಳಿಗೊಮ್ಮೆ ಹೊಟ್ಟೆಯ ಚರ್ಮದಡಿ ಕೊಡುವ ಚುಚ್ಚುಮದ್ದು. ಇದು ಲಸಿಕೆಯಲ್ಲ, ವೈರಾಣುವಿನ ಕವಚಕ್ಕೆ ಅಂಟಿಕೊಂಡು ಅದು ವೃದ್ಧಿಯಾಗದಂತೆ ತಡೆಯುವ ಔಷಧ. ದಕ್ಷಿಣ ಆಫ್ರಿಕಾ, ಉಗಾಂಡಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ 2024ರಲ್ಲಿ ಪ್ರಕಟವಾದಾಗ, ಇದನ್ನು ಪಡೆದ 2,134 ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ಸೋಂಕು ತಗಲಿರಲಿಲ್ಲ. ಸೋಂಕು ತಡೆಯಲು ದಿನವೂ ನುಂಗುವ ಮಾತ್ರೆಯ ಡಬ್ಬಿ ಮನೆಯಲ್ಲಿ ಯಾರ ಕಣ್ಣಿಗಾದರೂ ಬಿದ್ದೀತೆಂದು ಅಂಜುವವರಿಗೆ ಇದು ಸಣ್ಣ ಮಾತಲ್ಲ. 2025ರ ಜೂನ್‌ನಲ್ಲಿ ಅನುಮತಿ ಕೊಟ್ಟ ಅಮೆರಿಕದಲ್ಲಿ ಇದರ ಬೆಲೆ ವರ್ಷಕ್ಕೆ 28,000 ಡಾಲರ್‌ಗೂ ಹೆಚ್ಚು. ತಯಾರಕ ಕಂಪನಿ ಗಿಲಿಯಡ್ 120 ದೇಶಗಳಿಗೆಂದು ಜೆನೆರಿಕ್ ಪರವಾನಗಿ ನೀಡಿದೆ, ಭಾರತದ ಡಾ. ರೆಡ್ಡೀಸ್ ಮತ್ತು ಹೆಟೆರೊ 2027ರಿಂದ ವರ್ಷಕ್ಕೆ ಸುಮಾರು 40 ಡಾಲರ್‌ಗೆ ಒದಗಿಸುವುದಾಗಿ ಹೇಳಿವೆ. ಆದರೆ ಇದೇ ಔಷಧದ ಇನ್ನೊಂದು ಪ್ರಯೋಗಕ್ಕೆ ಮೈಯೊಡ್ಡಿದವರ ನಾಡುಗಳಾದ ಬ್ರೆಜಿಲ್, ಪೆರು, ಅರ್ಜೆಂಟೀನಾ, ಮೆಕ್ಸಿಕೊ ಆ ಪಟ್ಟಿಯಲ್ಲಿಲ್ಲ. ಅವನ್ನೂ ಸೇರಿಸಬೇಕೆಂಬ ಹೋರಾಟಗಾರರ ಬೇಡಿಕೆ ತೀರ ನ್ಯಾಯವಾದದ್ದು.